ಬೆರಳಿನ ಕ್ಲಿಪ್ ಹೇಳದ ಲೆಕ್ಕ

ಬೇಸಿಗೆಯಲ್ಲಿ ಬಳ್ಳಾರಿಯ ಸೆಕೆ ತಾಳದೆ ಮಾಳಿಗೆ ಮೇಲೆ ಮಲಗಿದರೆ ಅಕ್ಕಪಕ್ಕದ ಮನೆಯವರ ಗೊರಕೆಯೂ ಕಿವಿಗೆ ಬೀಳುತ್ತದೆ. ಗೊರಕೆ ಜೋರಾದರೆ ಬೈದುಕೊಳ್ಳುತ್ತೇವೆ, ಥಟ್ಟನೆ ನಿಂತರೆ 'ಅಬ್ಬಾ, ಸಾಕಾಯ್ತು' ಅಂತ ಮಗ್ಗುಲು ಬದಲಿಸುತ್ತೇವೆ. ಹೆದರಬೇಕಾದ್ದು ಅದು ನಿಂತಾಗಲೇ. ಗಂಟಲಿನ ಸ್ನಾಯು ಸಡಿಲಾಗಿ ದಾರಿ ಮುಚ್ಚಿಕೊಂಡಿರಬಹುದು, ಆಗ ಎದೆ ಹೊಟ್ಟೆ ಎಳೆದಾಡುತ್ತಿದ್ದರೂ ಗಾಳಿ ಮಾತ್ರ ಒಳಗೆ ಹೋಗುತ್ತಿರುವುದಿಲ್ಲ. ಹೀಗೆ 10 ಸೆಕೆಂಡಾದರೂ ಉಸಿರು ನಿಂತರೆ ಅದು ಒಂದು ಆಪ್ನಿಯಾ, ನಿದ್ದೆಯಲ್ಲಿ ಮತ್ತೆ ಮತ್ತೆ ಹೀಗಾದರೆ ಅದೇ ಸ್ಲೀಪ್ ಆಪ್ನಿಯಾ.

ಕೊರೊನಾ ಕಾಲದಲ್ಲಿ ತಂದ ಆಕ್ಸಿಮೀಟರ್ ಮನೆಯಲ್ಲೇ ಇದೆಯಲ್ವಾ, ಅದನ್ನೇ ಬೆರಳಿಗೆ ಹಾಕಿ ಮಲಗಿಸಿದರಾಯ್ತು ಅನ್ನುವವರಿದ್ದಾರೆ. ಸುಳ್ಳೇನಲ್ಲ. ಆದರೆ ಅದು ತಡವಾಗಿ ಹೇಳುತ್ತದೆ. ಉಸಿರು ನಿಂತರೂ ಶ್ವಾಸಕೋಶದಲ್ಲಿ ಉಳಿದ ಆಕ್ಸಿಜನ್ ಸ್ವಲ್ಪ ಹೊತ್ತು ಸಾಗುತ್ತದೆ, ಅದು ಕಡಿಮೆಯಾದ ರಕ್ತ ಬೆರಳ ತುದಿ ಮುಟ್ಟಲು ಇನ್ನಷ್ಟು ಹೊತ್ತು. ಅಷ್ಟರಲ್ಲಿ ಮಲಗಿದವರು ಗೊರ್ ಅಂತ ಮತ್ತೆ ಉಸಿರೆಳೆದಿರುತ್ತಾರೆ.

ಕ್ಯಾಪ್ನೋಗ್ರಫಿ ಮಾಡುವುದು ಬೇರೆ ಕೆಲಸ. ಮೂಗಿನ ಹತ್ತಿರ ಸಣ್ಣ ನಳಿಕೆ ಇಟ್ಟು, ಬಿಟ್ಟ ಉಸಿರಿನಲ್ಲಿ ಕಾರ್ಬನ್ ಡೈಆಕ್ಸೈಡ್ ಎಷ್ಟಿದೆ ಅಂತ ನೋಡುತ್ತದೆ. ನಾವು ಎಳೆದುಕೊಳ್ಳುವ ಗಾಳಿಯಲ್ಲಿ ಅದು ಶೇ. 0.04ರಷ್ಟು, ಬಿಡುವ ಉಸಿರಲ್ಲಿ ಸುಮಾರು ಶೇ. 4-5. ಈ ಅನಿಲ 4.3 ಮೈಕ್ರಾನ್ ಆಸುಪಾಸಿನ ಅವಕೆಂಪು ಬೆಳಕನ್ನು ನುಂಗುತ್ತದೆ, ಎಷ್ಟು ನುಂಗಿತು ಅನ್ನುವುದೇ ಲೆಕ್ಕ. ಉಸಿರು ಬಿಟ್ಟಾಗ ಪರದೆಯ ಗೆರೆ ಮೇಲೇರಿ, ಸ್ವಲ್ಪ ದೂರ ಸಪಾಟಾಗಿ ಸಾಗಿ, ಉಸಿರೆಳೆದ ಕೂಡಲೇ ದಬಕ್ಕನೆ ಸೊನ್ನೆಗೆ ಬೀಳುತ್ತದೆ. ನಮ್ಮ ಕಡೆಯ ಮಾಳಿಗೆ ಮನೆಗಳು ಸಾಲಾಗಿ ನಿಂತ ಹಾಗೆ. ಉಸಿರು ಕಟ್ಟಿದರೆ ಆ ಸಾಲಿನಲ್ಲಿ ಬಯಲು.

ತಮಾಷೆ ಅಂದರೆ, ಪರದೆಯಲ್ಲಿ ಸೊನ್ನೆ ಕಾಣುವಾಗಲೇ ರಕ್ತದಲ್ಲಿ ಇದೇ ಅನಿಲ ಏರುತ್ತಿರುತ್ತದೆ. ಹೊರಗೆ ಬರಲು ದಾರಿ ಇಲ್ಲ, ಅಷ್ಟೇ. ಕೊನೆಗೆ ಮೆದುಳನ್ನು ತಟ್ಟಿ ಎಬ್ಬಿಸುವುದರಲ್ಲಿ ಆಕ್ಸಿಜನ್ ಕೊರತೆಯ ಜೊತೆ ಈ ಏರಿಕೆಗೂ ಪಾಲಿದೆ.

ಇನ್ನು ಕೆಲವರಿಗೆ, ಅದರಲ್ಲೂ ಮೈ ತುಂಬಾ ಭಾರ ಇದ್ದವರಿಗೆ, ಉಸಿರು ಪೂರ್ತಿ ನಿಲ್ಲದೆಯೂ ರಾತ್ರಿಯಿಡೀ ಮೇಲೆಮೇಲೆ ಆಡುತ್ತಿರಬಹುದು. ರಕ್ತದಲ್ಲಿ ಈ ಅನಿಲದ ಒತ್ತಡ ಸಾಮಾನ್ಯವಾಗಿ ಪಾದರಸದ 35ರಿಂದ 45 ಮಿ.ಮೀ. ನಿದ್ದೆಯಲ್ಲಿ 10 ನಿಮಿಷವಾದರೂ 55 ದಾಟಿ ನಿಂತರೆ ದೊಡ್ಡವರಲ್ಲಿ ಅದನ್ನು ಉಸಿರಾಟದ ಕೊರತೆ ಎನ್ನುತ್ತಾರೆ. ಇಂಥವರಿಗೆ ಸುಮ್ನೆ ಆಕ್ಸಿಜನ್ ಸಿಲಿಂಡರ್ ಹಚ್ಚಿದರೆ ಬೆರಳಿನ ಕ್ಲಿಪ್ 97 ತೋರಿಸುತ್ತದೆ, ಮನೆಯವರು ನಿರಾಳ. ಒಳಗೆ ಕಾರ್ಬನ್ ಡೈಆಕ್ಸೈಡ್ ಏರುತ್ತಲೇ ಇರಬಹುದು. ನನಗೆ ಇದೇ ಜಾಸ್ತಿ ಭಯ ಹುಟ್ಟಿಸುವ ವಿಷಯ.

ನಳಿಕೆಯೂ ಎಡವುತ್ತದೆ. ಬಾಯಿ ತೆರೆದು ಉಸಿರಾಡಿದರೆ, ಸಿಂಬಳ ಕಟ್ಟಿದರೆ ಅಂಕಿ ತಪ್ಪು. ಗಂಟಲಿನ ದಾರಿ ಮುಚ್ಚದ ಹಾಗೆ ಗಾಳಿ ನೂಕುವ ಸಿಪ್ಯಾಪ್ ಯಂತ್ರದ ಮಾಸ್ಕ್ ಹಾಕಿದ್ದರೆ ಆ ಗಾಳಿಯಲ್ಲಿ ಉಸಿರು ಬೆರೆತು ತೆಳುವಾಗುತ್ತದೆ, ಆಗ ಚರ್ಮವನ್ನು ತುಸು ಬಿಸಿ ಮಾಡಿ ಅದರ ಮೂಲಕ ಈ ಅನಿಲವನ್ನು ಅಳೆಯುವ ಸೆನ್ಸರ್ ಹಚ್ಚುತ್ತಾರೆ. ದೊಡ್ಡವರ ನಿದ್ದೆ ಪರೀಕ್ಷೆಯಲ್ಲಿ ಕಾರ್ಬನ್ ಡೈಆಕ್ಸೈಡ್ ಅಳತೆ ಯಾವಾಗಲೂ ಇರುವುದಿಲ್ಲ. ಮೈ ಭಾರ ಇದ್ದು, ಬೆಳಿಗ್ಗೆ ಎದ್ದ ಕೂಡಲೇ ತಲೆನೋವು, ಹಗಲೆಲ್ಲ ತೂಕಡಿಕೆ ಇದ್ದರೆ ಡಾಕ್ಟರನ್ನು ಮೊದಲೇ ಕೇಳಿ: ಆಕ್ಸಿಜನ್ ಒಂದೇನಾ, ಇದನ್ನೂ ನೋಡ್ತೀರಾ ಅಂತ.