ಸುತ್ತಲೂ ನೋಡಲು ಸ್ಟೀಲ್ ಚೆಂಡು ಸಾಕಾ?

ಪ್ರಶ್ನೆ: ಕಲಬುರಗಿ ಕೋಟೆಯ ಜಾಮಿ ಮಸೀದಿ ಒಳಗೆ ನಾಲ್ಕೂ ಕಡೆಯದ್ದು ಒಂದೇ ಫೋಟೋದಲ್ಲಿ ಬರಬೇಕು. ಹೊಳೆಯುವ ಸ್ಟೀಲ್ ಚೆಂಡಿನ ಎದುರು ಕ್ಯಾಮೆರಾ ಇಟ್ಟರೆ ಆಗಲ್ವಾ?

ಫೋಟೋ ಖಂಡಿತ ಬರುತ್ತದೆ. ತಿಕ್ಕಿ ತೊಳೆದ ತಂಬಿಗೆಯನ್ನು ಮುಖದ ಹತ್ತಿರ ಹಿಡಿದು ನೋಡಿ. ನಡುವೆ ನಿಮ್ಮ ಮೂಗು ದಪ್ಪಗೆ, ಅಂಚಿನಲ್ಲಿ ಬಾಗಿಲು, ಕಿಟಕಿ ಎಲ್ಲ ಬಾಗಿಕೊಂಡು ಕಾಣುತ್ತವೆ. ತೊಂದರೆ ಇರುವುದು ಆ ಬಾಗಿದ್ದನ್ನು ಕಂಪ್ಯೂಟರಿನಲ್ಲಿ ನೆಟ್ಟಗೆ ಮಾಡುವಾಗ.

ನಿಂತ ಜಾಗ ಬಿಡದೆ ಸುತ್ತ ತಿರುಗಿ ನೋಡಿದ ಹಾಗೆ ಚಿತ್ರ ಬಂದರೆ ಮಾತ್ರ ಅದು ಸರಿಯಾಗಿ ಬಿಚ್ಚಿಕೊಳ್ಳುತ್ತದೆ. ಚೆಂಡಿನಲ್ಲಿ ಹಾಗಾಗಲ್ಲ. ಮೇಲಿನದ್ದನ್ನು ಒಂದು ಬಿಂದುವಿನಿಂದ, ಕೆಳಗಿನದ್ದನ್ನು ಇನ್ನೊಂದು ಬಿಂದುವಿನಿಂದ ನೋಡಿದಂತೆ ಆಗುತ್ತದೆ. ಹೈಪರ್ಬೋಲಾ ಎಂಬ ವಕ್ರರೇಖೆಯ ಆಕಾರದ ಉಬ್ಬು ಕನ್ನಡಿಗೆ ಎರಡು ನಾಭಿಗಳು (ಫೋಕಸ್ ಬಿಂದುಗಳು). ಕನ್ನಡಿಯ ಹಿಂದಿನ ನಾಭಿಯತ್ತ ಹೊರಟ ಕಿರಣ ಪ್ರತಿಫಲಿಸಿ ಎದುರಿನ ನಾಭಿಗೆ ಹೋಗುತ್ತದೆ. ಲೆನ್ಸ್ ಅಲ್ಲಿದ್ದರೆ ಎಲ್ಲವನ್ನೂ ಹಿಂದಿನ ನಾಭಿ ಎಂಬ ಒಂದೇ ಬಿಂದುವಿನಿಂದ ನೋಡಿದಂತಾಗಿ ಲೆಕ್ಕ ಕೂಡುತ್ತದೆ. ಪ್ಯಾರಾಬೋಲಾ ಕನ್ನಡಿಯೂ ನಡೆಯುತ್ತದೆ, ಆದರೆ ಅದಕ್ಕೆ ಟೆಲಿಸೆಂಟ್ರಿಕ್ ಲೆನ್ಸ್ (ಸಮಾನಾಂತರವಾಗಿ ಬರುವ ಕಿರಣಗಳನ್ನು ಹಿಡಿಯುವ ಲೆನ್ಸ್) ಬೇಕು. ಯಾವ ಯಾವ ಆಕಾರಕ್ಕೆ ಈ ಗುಣ ಇದೆ ಅಂತ ಕಂಪ್ಯೂಟರ್ ವಿಷನ್ ಸಂಶೋಧಕರಾದ ಸೈಮನ್ ಬೇಕರ್ ಮತ್ತು ಶ್ರೀ ಕೆ. ನಾಯರ್ 1999ರ ಲೇಖನದಲ್ಲಿ ಪೂರ್ತಿ ಬಿಡಿಸಿಟ್ಟಿದ್ದಾರೆ.

ಹಾಗಂತ ಚೆಂಡನ್ನು ಎಸೆಯಬೇಡಿ. ನೋಡುವ ಬಿಂದು 1 ಸೆಂ.ಮೀ. ಸರಿದರೆ, 1 ಮೀಟರ್ ದೂರದ ಕಂಬ ಅರ್ಧ ಡಿಗ್ರಿಗಿಂತ ಜಾಸ್ತಿ ಸರಿಯುತ್ತದೆ. 100 ಮೀಟರ್ ದೂರದ್ದು ಅಲುಗಿದ್ದೇ ಗೊತ್ತಾಗಲ್ಲ. ಬೀದರಿನ ಚೌಬಾರಾ ಗೋಪುರದಷ್ಟು ಎತ್ತರದಿಂದ ಊರು ತೆಗೆಯುವುದಾದರೆ ಚೆಂಡೇ ಸಾಕು ಅಂತ ನಾನು ಹೇಳುತ್ತಿದ್ದೆ. ಆದರೆ 1367ರ ಈ ಮಸೀದಿಗೆ ತೆರೆದ ಅಂಗಳವೇ ಇಲ್ಲ. ಪೂರ್ತಿ ಮಾಡಿನ ಕೆಳಗೆ ಸಾಲು ಸಾಲು ದಪ್ಪ ಕಂಬಗಳು. ಹತ್ತಿರದ ಕಂಬದ ಗೆರೆ, ಹಿಂದಿನ ಕಮಾನಿನ ಗೆರೆ ಎರಡೂ ಸರಿಯಾಗಿ ಬರಬೇಕಾದರೆ ಇಲ್ಲಿ ಹೈಪರ್ಬೋಲಾ ಕನ್ನಡಿಯೇ ಬೇಕು.

ಇನ್ನೊಂದು ವಿಷಯ, ಸ್ಪಷ್ಟತೆ. ಸೆನ್ಸರ್ 4000×3000 ಇದ್ದರೆ ಕನ್ನಡಿಯ ವೃತ್ತಕ್ಕೆ ಸಿಗುವ ಅಗಲ 3000 ಪಿಕ್ಸೆಲ್. ಹೊರ ಅಂಚಿನ ಸುತ್ತಳತೆ ಸುಮಾರು 9400 ಪಿಕ್ಸೆಲ್. ನಡುವಿನಿಂದ 500 ಪಿಕ್ಸೆಲ್ ದೂರದಲ್ಲಿ ಬರೀ 3100. ಅದಕ್ಕೇ ನಿಮಗೆ ಮುಖ್ಯವಾದದ್ದು ಅಂಚಿನ ಕಡೆ ಬೀಳುವಂತೆ ನೋಡಿಕೊಳ್ಳಿ. ನಟ್ಟನಡುವೆ ಹೇಗಿದ್ದರೂ ಕ್ಯಾಮೆರಾನೇ ಕೂತಿರುತ್ತದೆ.

ಮನೆಯ ಕನ್ನಡಿಯಂತೆ ಹಿಂದೆ ಲೇಪ ಇರುವುದನ್ನು ತರಬೇಡಿ. ಮುಂದಿನ ಗಾಜೂ ಪ್ರತಿಫಲಿಸಿ ಪ್ರತಿ ಗೆರೆಗೂ ಮಸುಕಾದ ಜೋಡಿ ಗೆರೆ ಬರುತ್ತದೆ. ಲೇಪ ಮೇಲ್ಮೈಯಲ್ಲೇ ಇರಬೇಕು. ಫೋಕಸ್ ಕೈಯಲ್ಲೇ ಮಾಡಿ. ಆಟೋಫೋಕಸ್‌ಗೆ ಬಿಟ್ಟರೆ ಕನ್ನಡಿ ಮೇಲಿನ ಧೂಳನ್ನು ಹಿಡಿದುಬಿಡುತ್ತದೆ. ನಿಮಗೆ ಬೇಕಾದ ಬಿಂಬ ಇರುವುದು ಕನ್ನಡಿಯಿಂದ ಸ್ವಲ್ಪ ಹಿಂದೆ.