ಕೈ ಮಾತು ಕೇಳದಾದದ್ದು ಯಾವಾಗಿನಿಂದ?

ನರರೋಗ ತಜ್ಞನಾಗಿ ನಾನು ರೋಗಿಗಳ ಮನೆಯವರನ್ನು ಅತಿ ಹೆಚ್ಚು ಸಲ ಕೇಳುವ ಪ್ರಶ್ನೆ ‘ಇದು ಯಾವಾಗ ಶುರುವಾಯಿತು, ಹೇಗೆ ಶುರುವಾಯಿತು’ ಎಂಬುದು. ಸರಿಯಾದ ಉತ್ತರ ಅತಿ ಕಡಿಮೆ ಸಲ ಸಿಗುವುದೂ ಇದೇ ಪ್ರಶ್ನೆಗೆ. ಕೈ ತನ್ನಷ್ಟಕ್ಕೆ ತಾನೇ ವಸ್ತುಗಳನ್ನು ಹಿಡಿಯುತ್ತದೆ, ಮೇಲೇಳುತ್ತದೆ, ಇನ್ನೊಂದು ಕೈ ಮಾಡಿದ್ದನ್ನು ಕೆಡಿಸುತ್ತದೆ ಎಂಬ ದೂರು ಹೊತ್ತು ಬರುವ ಕುಟುಂಬಗಳು ಈಚೆಗೆ ಮೊಬೈಲಿನಲ್ಲಿ ವಿಡಿಯೊ ಮಾಡಿಕೊಂಡು ಬರುತ್ತವೆ. ಅದು ಒಳ್ಳೆಯದೇ, ಏಕೆಂದರೆ ನನ್ನ ಮುಂದೆ ಕುಳಿತಾಗ ಆ ಕೈ ಸುಮ್ಮನಿರಬಹುದು. ಆದರೆ ವಿಡಿಯೊ ಜೊತೆಗೆ ‘ಏಲಿಯನ್ ಹ್ಯಾಂಡ್ ಸಿಂಡ್ರೋಮ್’ ಎಂಬ ಹೆಸರನ್ನೂ ಎಲ್ಲಿಂದಲೋ ಹುಡುಕಿ ತಂದಿರುತ್ತಾರೆ. ಹೆಸರು ಸಿಕ್ಕಿದ್ದರಿಂದ ರೋಗವೂ ಸಿಕ್ಕಿತೆಂದು ನಂಬಿ, ‘ಇದಕ್ಕೆ ಮಾತ್ರೆ ಬರೆದುಕೊಡಿ ಸಾರ್’ ಎನ್ನುತ್ತಾರೆ. ಶುರುವಾದ ದಿನ ಕೇಳಿದರೆ ಮಗ ದೀಪಾವಳಿ ಎನ್ನುತ್ತಾನೆ, ಸೊಸೆ ಅದಕ್ಕೂ ಮೊದಲೇ ಎನ್ನುತ್ತಾಳೆ, ಭಾವಮೈದುನ ‘ಸ್ಕ್ಯಾನ್ ಇದೆಯಲ್ಲ ಡಾಕ್ಟ್ರೇ, ಅದರಲ್ಲೇ ಗೊತ್ತಾಗುತ್ತದಲ್ಲ’ ಎಂದು ದೊಡ್ಡ ಕವರನ್ನು ನನ್ನ ಕಡೆಗೆ ತಳ್ಳುತ್ತಾರೆ.

ಸ್ಕ್ಯಾನಿನಲ್ಲಿ ಎಲ್ಲವೂ ಗೊತ್ತಾಗುವುದಿಲ್ಲ. ಏಲಿಯನ್ ಹ್ಯಾಂಡ್ ಎನ್ನುವುದು ಒಂದು ರೋಗವಲ್ಲ, ಮೆದುಳಿನ ಕೆಲವು ನಿರ್ದಿಷ್ಟ ಜಾಗಗಳಿಗೆ ಪೆಟ್ಟು ಬಿದ್ದಾಗ ಕಾಣಿಸುವ ಲಕ್ಷಣ. ಕೈ ಮಾಡುತ್ತಿರುವ ಕೆಲಸವನ್ನು ನೋಡಿ ಪೆಟ್ಟು ಎಲ್ಲಿ ಬಿದ್ದಿದೆ ಎಂದು ಸುಮಾರಾಗಿ ಹೇಳಬಹುದು. ಆ ಪೆಟ್ಟನ್ನು ಕೊಟ್ಟದ್ದು ಯಾವುದು ಎನ್ನುವುದನ್ನು ಮಾತ್ರ ಬಹುಮಟ್ಟಿಗೆ ಕಾಲವೇ ಹೇಳಬೇಕು. ನಿಮಿಷಗಳಲ್ಲಿ ಬಂತೇ, ವಾರಗಳಲ್ಲಿ ಬಂತೇ, ವರ್ಷಗಳಲ್ಲಿ ಬಂತೇ ಎಂಬ ಒಂದು ವಿವರದ ಮೇಲೆ ಮುಂದಿನ ಪರೀಕ್ಷೆ, ಚಿಕಿತ್ಸೆ, ಮನೆಯವರಿಗೆ ನಾನು ಹೇಳಬೇಕಾದ ಮಾತು ಎಲ್ಲವೂ ನಿಂತಿರುತ್ತವೆ.

ವೈದ್ಯಚರಿತ್ರೆಯಲ್ಲಿಯೂ ಇದು ಹೀಗೇ ಕಾಣಿಸಿಕೊಂಡಿದೆ. 1908ರಲ್ಲಿ ಜರ್ಮನಿಯ ಕುರ್ಟ್ ಗೋಲ್ಡ್‌ಸ್ಟೈನ್ ವರ್ಣಿಸಿದ ಮಹಿಳೆಯ ಎಡಗೈ ಆಕೆಯ ಕುತ್ತಿಗೆಯನ್ನೇ ಹಿಡಿದಿತ್ತು. ಅದಕ್ಕೆ ಕಾರಣ ಪಾರ್ಶ್ವವಾಯು. 1940ರಲ್ಲಿ ಅಮೆರಿಕದ ವ್ಯಾನ್ ವ್ಯಾಗೆನೆನ್ ತೀವ್ರ ಮೂರ್ಛೆರೋಗವನ್ನು ಹತೋಟಿಗೆ ತರಲೆಂದು ಮೆದುಳಿನ ಎರಡು ಅರ್ಧಗಳನ್ನು ಜೋಡಿಸುವ ಕಾರ್ಪಸ್ ಕ್ಯಾಲೋಸಂ ಎಂಬ ನರತಂತುಗಳ ಕಟ್ಟನ್ನು ಕತ್ತರಿಸುವ ಶಸ್ತ್ರಚಿಕಿತ್ಸೆಯ ವರದಿ ಪ್ರಕಟಿಸಿದರು. ಅಂಥ ರೋಗಿಗಳನ್ನು ಪರೀಕ್ಷಿಸಿದ ಅಕೆಲೈಟಿಸ್, ಕೆಲವರಲ್ಲಿ ಒಂದು ಕೈ ಇನ್ನೊಂದಕ್ಕೆ ವಿರುದ್ಧವಾಗಿ ನಡೆದುಕೊಳ್ಳುವುದನ್ನು ದಾಖಲಿಸಿದರು. 1972ರಲ್ಲಿ ಫ್ರಾನ್ಸಿನ ಬ್ರಿಯೋಂ ಮತ್ತು ಜೆಡಿನಾಕ್ ‘ಪರಕೀಯ ಕೈ’ ಎಂಬ ಹೆಸರನ್ನು ಕೊಟ್ಟದ್ದು ಅದೇ ಕಟ್ಟಿನಲ್ಲಿ ಗೆಡ್ಡೆ ಬೆಳೆದಿದ್ದ ರೋಗಿಗಳನ್ನು ಕಂಡು. ರಕ್ತನಾಳ, ಶಸ್ತ್ರವೈದ್ಯರ ಚಾಕು, ಗೆಡ್ಡೆ ಎಂಬ ಮೂರು ಬೇರೆ ಬೇರೆ ಕಾರಣಗಳಿಂದ ಒಂದೇ ಬಗೆಯ ಕೈ ಕಾಣಿಸಿಕೊಂಡಿತ್ತು. ಈ ಮೂವರಿಗೂ ಒಂದೇ ಮಾತ್ರೆ ಕೊಡಲು ಆಗುವುದಿಲ್ಲ ಎಂಬುದನ್ನು ಮನೆಯವರಿಗೆ ಮನದಟ್ಟು ಮಾಡುವುದಕ್ಕೆ ಇಂದಿಗೂ ನನ್ನ ಅರ್ಧ ಸಮಯ ಹೋಗುತ್ತದೆ.

ಮೊದಲು ಕೈ ಏನು ಮಾಡುತ್ತಿದೆ ಎಂದು ನೋಡೋಣ. ನಡುಕ, ಜೋಮು, ಗುರಿಯಿಲ್ಲದ ಎಳೆದಾಟ ಇವು ಬೇರೆಯೇ ವಿಷಯಗಳು. ಇಲ್ಲಿ ಕೈ ಮಾಡುವ ಕೆಲಸಕ್ಕೆ ಉದ್ದೇಶವಿದ್ದಂತೆ ತೋರುತ್ತದೆ, ಆದರೆ ಆ ಉದ್ದೇಶ ರೋಗಿಯದಲ್ಲ. ಸಾಮಾನ್ಯವಾಗಿ ಅದು ತನ್ನ ಕೈಯೆಂದೇ ರೋಗಿಗೆ ತಿಳಿದಿರುತ್ತದೆ; ಯಾರೋ ಹೊರಗಿನವರು ತನ್ನನ್ನು ಆಡಿಸುತ್ತಿದ್ದಾರೆಂದು ಆತ ವಾದಿಸುವುದಿಲ್ಲ. ‘ನಾನು ಹೇಳಿಲ್ಲ ಸಾರ್, ಆದ್ರೂ ಮಾಡ್ತದೆ’ ಎನ್ನುತ್ತಾನೆ. ಮನೋರೋಗದಿಂದ ಇದನ್ನು ಬೇರ್ಪಡಿಸಲು ಈ ಒಂದು ಮಾತು ಎಷ್ಟೋ ಸಲ ನನಗೆ ದಾರಿ ತೋರಿಸಿದೆ.

ಮೆದುಳಿನ ಮುಂಭಾಗದ ಒಳಮೈಯಲ್ಲಿ, ಎಂದರೆ ಎರಡು ಅರ್ಧಗಳು ಒಂದಕ್ಕೊಂದು ಎದುರಾಗಿರುವ ಕಡೆ, ನಾವಾಗಿಯೇ ಆರಂಭಿಸುವ ಚಲನೆಗಳನ್ನು ಅಣಿಗೊಳಿಸುವ ಮತ್ತು ಕಣ್ಣಿಗೆ ಬಿದ್ದ ವಸ್ತುವಿಗೆಲ್ಲ ಕೈಚಾಚದಂತೆ ತಡೆಯುವ ಪ್ರದೇಶವಿದೆ. ಅದು ಹಾಳಾದರೆ ಕೈ ಎದುರಿಗೆ ಬಂದದ್ದನ್ನೆಲ್ಲ ಹಿಡಿಯುತ್ತದೆ, ಹಿಡಿದದ್ದನ್ನು ಬಿಡುವುದಿಲ್ಲ. ಎಡ ಮೆದುಳಿನ ಈ ಭಾಗಕ್ಕೆ ಪೆಟ್ಟಾದವರ ಬಲಗೈ ಬಾಗಿಲ ಹಿಡಿ, ಬಸ್ಸಿನ ಕಂಬಿ, ಪಕ್ಕದವರ ಉಡುಪು ಎಲ್ಲವನ್ನೂ ಹಿಡಿದುಕೊಂಡು, ಎಡಗೈಯಿಂದ ಒಂದೊಂದೇ ಬೆರಳು ಬಿಡಿಸಿಕೊಳ್ಳಬೇಕಾದ ಸ್ಥಿತಿ ಬರುತ್ತದೆ. ಕಾರ್ಪಸ್ ಕ್ಯಾಲೋಸಂನಲ್ಲಿ ಸುಮಾರು 20 ಕೋಟಿ ನರತಂತುಗಳಿವೆ. ಬಲಗೈ ಬಳಕೆಯವರಲ್ಲಿ ಕೌಶಲದ ಕೆಲಸಗಳ ಯೋಜನೆ ಹೆಚ್ಚಾಗಿ ಎಡ ಮೆದುಳಿನಲ್ಲಿ ನಡೆಯುವುದರಿಂದ, ಈ ತಂತುಗಳು ಕಡಿದುಹೋದರೆ ಎಡಗೈಗೆ ಆ ಯೋಜನೆ ತಲುಪದೆ ಅದು ಬಲಗೈಗೆ ಎದುರಾಗಿ ಕೆಲಸ ಮಾಡತೊಡಗುತ್ತದೆ. ಮೂರನೆಯ ಬಗೆ ಮೆದುಳಿನ ಹಿಂಬದಿಯ ಪರೈಟಲ್ ಭಾಗದ್ದು, ಕೆಲವೊಮ್ಮೆ ಮೆದುಳಿನ ಆಳದಲ್ಲಿರುವ ಥಲಾಮಸ್ ಎಂಬ ಭಾಗದ್ದು. ಅಲ್ಲಿ ಕೈ ಎಲ್ಲಿದೆ ಎಂಬ ಅರಿವೇ ಮಸುಕಾಗಿ, ಹೆಚ್ಚಾಗಿ ಎಡಗೈ, ಗಾಳಿಯಲ್ಲಿ ತೇಲಿದಂತೆ ಮೇಲೇರುತ್ತದೆ, ಏನಾದರೂ ಮುಟ್ಟಿದರೆ ಹಿಂದಕ್ಕೆ ಸರಿಯುತ್ತದೆ. ಪುಸ್ತಕದಲ್ಲಿ ಮೂರಾಗಿ ಕಾಣುವ ಇವು ರೋಗಿಯಲ್ಲಿ ಬೆರೆತೇ ಬರುವುದುಂಟು.

ಈಗ ಕಾಲದ ವಿಷಯಕ್ಕೆ ಬರುತ್ತೇನೆ. ಇದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು.

ಒಬ್ಬ ಗೃಹಿಣಿ ಬಲಗೈಯಲ್ಲಿ ಸೀರೆಯ ನೆರಿಗೆ ಸಿಕ್ಕಿಸುತ್ತಿದ್ದಂತೆ ಎಡಗೈ ಅದನ್ನು ಹೊರಗೆ ಎಳೆಯುತ್ತಿತ್ತು. ಮನೆಯವರು ಮೊದಲು ಆಕೆಗೆ ಮನಸ್ಸು ಸರಿಯಿಲ್ಲವೆಂದರು, ಬಳಿಕ ಗಾಳಿ ಸೋಕಿದೆಯೆಂದು ಒಂದೆರಡು ಕಡೆ ಕರೆದೊಯ್ದರು. ನನ್ನ ಬಳಿಗೆ ಬರುವ ಹೊತ್ತಿಗೆ ವಾರಗಳು ಕಳೆದಿದ್ದವು. ಶುರುವಾದದ್ದು ಯಾವಾಗ ಎಂದು ಬಿಡದೆ ಕೇಳುತ್ತಾ ಹೋದಾಗ, ಅದುವರೆಗೆ ಯಾರೂ ಮಾತನಾಡಿಸದಿದ್ದ ಆಕೆಯ ಕಿರಿಯ ಮಗಳು, ಒಂದು ಬೆಳಗ್ಗೆ ಅಮ್ಮ ಬಚ್ಚಲಿನಿಂದ ಬರುವಾಗ ಎಡಗಾಲು ಎಳೆದಂತಾಗಿ ಬಾಗಿಲು ಹಿಡಿದು ಕುಳಿತುಬಿಟ್ಟಿದ್ದರೆಂದು ಹೇಳಿದಳು. ಹೊಟ್ಟೆ ಖಾಲಿಯಿದ್ದುದಕ್ಕೆ ತಲೆಸುತ್ತು ಎಂದು ಎಲ್ಲರೂ ಅದನ್ನು ಮರೆತಿದ್ದರು. ಮೆದುಳಿನ ಮುಂಭಾಗದ ಒಳಮೈಗೂ ಕಾರ್ಪಸ್ ಕ್ಯಾಲೋಸಂನ ಬಹುಭಾಗಕ್ಕೂ ರಕ್ತ ಒದಗಿಸುವ ಮುಂಭಾಗದ ಅಪಧಮನಿ ಆ ಬೆಳಗ್ಗೆ ಮುಚ್ಚಿಕೊಂಡಿತ್ತು. ಪಾರ್ಶ್ವವಾಯು ಎಂದರೆ ಬಾಯಿ ಸೊಟ್ಟಗಾಗಬೇಕು, ಮಾತು ತೊದಲಬೇಕು, ಕೈ ಜೋತುಬೀಳಬೇಕು ಎಂದು ಜನರು ಕಲಿತಿದ್ದಾರೆ. ಅದು ತಪ್ಪಲ್ಲ. ಆದರೆ ಈ ಅಪಧಮನಿ ಮುಚ್ಚಿದಾಗ ಮುಖ ನೇರವಾಗಿಯೇ ಇರಬಹುದು, ಕೈಯಲ್ಲಿ ಶಕ್ತಿಯೂ ಇರಬಹುದು. ಹೆಚ್ಚಾಗಿ ಸೋಲುವುದು ಕಾಲು. ಹಾಗಾಗಿ ಒಂದು ಕಾಲು ಹಠಾತ್ತನೆ ಭಾರವಾಗಿ, ಅದರ ಜೊತೆಗೋ ಅದಾದ ಮೇಲೋ ಕೈ ಹೇಳಿದ ಮಾತು ಕೇಳದಂತಾದರೆ, ಅದನ್ನು ಪಾರ್ಶ್ವವಾಯುವೆಂದೇ ತಿಳಿದು ಆಸ್ಪತ್ರೆಗೆ ಓಡಬೇಕು. ಹೆಪ್ಪು ಕರಗಿಸುವ ಇಂಜೆಕ್ಷನ್ನಿಗೆ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯ ಮಿತಿಯಿದೆ. ಆ ಮಿತಿಯೊಳಗೆ ಬಂದವರೆಲ್ಲರಿಗೂ ಅದು ಹೊಂದುತ್ತದೆಂದು ನಾನು ಹೇಳುವುದಿಲ್ಲ, ಆದರೆ ವಾರಗಳ ನಂತರ ಬಂದವರಿಗೆ ಅದರ ಪ್ರಶ್ನೆಯೇ ಇರುವುದಿಲ್ಲ. ತಡಮಾಡಿದರೆ ಇನ್ನೊಂದು ನಷ್ಟವೂ ಇದೆ. ಎಂಆರ್‌ಐ ಚಿತ್ರದಲ್ಲಿ ಹೊಸ ಪಾರ್ಶ್ವವಾಯು ಹೊಳೆಯುವುದು ಸುಮಾರು ಎರಡು ವಾರಗಳವರೆಗೆ ಮಾತ್ರ. ಆಮೇಲೆ ಅದು ಹೊಸದೋ ಹಳೆಯದೋ ಎಂದು ಖಚಿತವಾಗಿ ಹೇಳುವುದು ಕಷ್ಟವಾಗುತ್ತದೆ. ಹಠಾತ್ತಾದ ಆರಂಭದೊಂದಿಗೆ ಜೀವಮಾನದಲ್ಲೇ ಕಂಡಿರದಷ್ಟು ತೀವ್ರ ತಲೆನೋವು ಇದ್ದರೆ ಅದೇ ಪ್ರದೇಶದ ರಕ್ತನಾಳದ ಉಬ್ಬು ಒಡೆದಿರುವ ಸಾಧ್ಯತೆಯನ್ನು ನೋಡಬೇಕು. ಅಲ್ಲಿ ಒಂದು ಗಂಟೆಯನ್ನೂ ಕಳೆಯುವಂತಿಲ್ಲ.

ವಾರಗಳಲ್ಲಿ ಬೆಳೆದುಬರುವ ಕೈಯ ಕತೆ ಬೇರೆ. ಬೆಳಗಿನ ತಲೆನೋವು, ವಾಂತಿ, ಸ್ವಭಾವದ ಬದಲಾವಣೆ, ಫಿಟ್ಸ್ ಇವುಗಳ ಜೊತೆಯಲ್ಲಿ ಬಂದರೆ ಗೆಡ್ಡೆಯನ್ನು ಶಂಕಿಸುತ್ತೇವೆ. ಬಹುಕಾಲದಿಂದ ವಿಪರೀತ ಮದ್ಯ ಸೇವಿಸಿ ಅನ್ನಾಹಾರ ಬಿಟ್ಟವರಲ್ಲಿ ಕಾರ್ಪಸ್ ಕ್ಯಾಲೋಸಂನ ತಂತುಗಳ ಹೊದಿಕೆಯೇ ನಾಶವಾಗುವ ಮಾರ್ಕಿಯಾಫಾವಾ–ಬಿನ್ಯಾಮಿ ಎಂಬ ಅಪರೂಪದ ಕಾಯಿಲೆಯಿದೆ. ಬೇಗ ಗುರುತಿಸಿ ಥಯಾಮಿನ್ (ಬಿ1 ಜೀವಸತ್ವ) ಕೊಟ್ಟರೆ ಕೆಲವರಾದರೂ ಚೇತರಿಸಿಕೊಳ್ಳುತ್ತಾರೆ. ಇನ್ನೊಂದು ಕಾರಣವನ್ನು ಹೇಳಲು ನನಗೆ ಇಂದಿಗೂ ಸಂಕಟವಾಗುತ್ತದೆ. ಕೈಯ ವಿಚಿತ್ರ ವರ್ತನೆಯಿಂದ ಆರಂಭವಾಗಿ, ಕೆಲವೇ ವಾರಗಳಲ್ಲಿ ನೆನಪು, ನಡಿಗೆ, ಮಾತು ಒಂದರ ಹಿಂದೊಂದು ಕುಸಿದು, ಮೈ ಬೆಚ್ಚಿಬಿದ್ದಂತೆ ಅದುರತೊಡಗಿದರೆ ಅದು ಕ್ರಾಯ್ಟ್‌ಸ್‌ಫೆಲ್ಟ್–ಯಾಕೋಬ್ ಕಾಯಿಲೆ ಇರಬಹುದು. ಹತ್ತು ಲಕ್ಷ ಜನರಲ್ಲಿ ವರ್ಷಕ್ಕೆ ಒಬ್ಬರಿಗೋ ಇಬ್ಬರಿಗೋ ಬರುವ ಈ ರೋಗಕ್ಕೆ ಚಿಕಿತ್ಸೆಯಿಲ್ಲ, ಬಹುತೇಕರು ಒಂದು ವರ್ಷದೊಳಗೇ ತೀರಿಕೊಳ್ಳುತ್ತಾರೆ. ಇದನ್ನು ಘೋಷಿಸುವ ಮುನ್ನ, ಇದೇ ವೇಗದಲ್ಲಿ ಬಂದು ಚಿಕಿತ್ಸೆಗೆ ಬಗ್ಗುವ ಮೆದುಳಿನ ಉರಿಯೂತಗಳನ್ನು ನಾವು ಒಂದೊಂದಾಗಿ ತಳ್ಳಿಹಾಕಬೇಕಾಗುತ್ತದೆ. ಆಗ ‘ಎಷ್ಟು ವಾರವಾಯಿತು’ ಎಂಬ ಪ್ರಶ್ನೆಯನ್ನು ನಾನು ಮೂರು ಸಲ ಕೇಳಿದರೆ ಯಾರೂ ಬೇಸರಿಸಬಾರದು.

ವರ್ಷಗಳಲ್ಲಿ ಬರುವ ಕೈಯನ್ನು ಎಲ್ಲರೂ ಕಡೆಗಣಿಸುತ್ತಾರೆ, ವೈದ್ಯರಾದ ನಾವೂ ಸೇರಿದಂತೆ. ಅರವತ್ತು ದಾಟಿದ ಹಿರಿಯರೊಬ್ಬರ ಎಡಗೈ ಮೊದಲು ಬಿಗಿಯಾಯಿತು, ಭುಜದ ತೊಂದರೆಯೆಂದು ವ್ಯಾಯಾಮ ಮಾಡಿಸಿದರು. ಅಂಗಿಯ ಗುಂಡಿ ಹಾಕಲಾಗದಾಯಿತು, ವಯಸ್ಸೆಂದರು. ಪಾರ್ಕಿನ್ಸನ್ ಎಂದು ಕೊಟ್ಟ ಮಾತ್ರೆಯಿಂದ ಹೇಳಿಕೊಳ್ಳುವಂಥ ಪ್ರಯೋಜನವಾಗಲಿಲ್ಲ. ಕೊನೆಗೆ ಮನೆಯ ಸತ್ಯನಾರಾಯಣ ಪೂಜೆಯ ನಡುವೆ ಆ ಕೈ ನಿಧಾನವಾಗಿ ಮೇಲೆದ್ದು ತಲೆಯೆತ್ತರಕ್ಕೆ ನಿಂತಾಗ, ನೆಂಟರಲ್ಲಿ ಕೆಲವರು ದೇವರು ಮೈಮೇಲೆ ಬಂದಿದೆಯೆಂದು ಕೈಮುಗಿದರಂತೆ. ಆ ನೆಂಟರ ಭಕ್ತಿಯ ಬಗ್ಗೆ ನನ್ನ ತಕರಾರಿಲ್ಲ. ಆದರೆ ದೇಹದ ಒಂದೇ ಬದಿಯಲ್ಲಿ ಬಿಗಿತ, ಕಲಿತ ಕೆಲಸ ಮರೆತ ಕೈ, ಸಣ್ಣ ಅದುರು, ತಾನಾಗಿ ಮೇಲೇಳುವಿಕೆ ಇವೆಲ್ಲ ಕೂಡಿದರೆ ಅದು ಕಾರ್ಟಿಕೋಬೇಸಲ್ ಸಿಂಡ್ರೋಮ್ ಆಗಿರುವ ಸಂಭವ ಹೆಚ್ಚು. 1968ರಲ್ಲಿ ಮೊದಲು ವರ್ಣಿತವಾದ ನರಕೋಶಗಳ ಸವೆತವೊಂದು ಇದರ ಹಿಂದಿರಬಹುದು, ಆಲ್ಜೈಮರ್ ಕಾಯಿಲೆಯ ಬದಲಾವಣೆಗಳೂ ಇರಬಹುದು. ಜೀವಂತವಾಗಿರುವಾಗ ಎರಡನ್ನೂ ಬೇರ್ಪಡಿಸುವುದು ಯಾವಾಗಲೂ ಸಾಧ್ಯವಾಗುವುದಿಲ್ಲ. ಆರಂಭದಲ್ಲಿ ಇಂಥವರ ಸ್ಕ್ಯಾನ್ ವರದಿಯಲ್ಲಿ ‘ವಯಸ್ಸಿಗೆ ತಕ್ಕ ಕುಗ್ಗುವಿಕೆ’ ಎಂದಷ್ಟೇ ಇರುವುದನ್ನು ನಾನು ಹಲವು ಸಲ ನೋಡಿದ್ದೇನೆ. ಕವರನ್ನು ಪಕ್ಕಕ್ಕಿಟ್ಟು ಎರಡು ವರ್ಷದ ಹಿಂದಿನ ಕೈಬರಹವನ್ನೋ ಮದುವೆಯ ವಿಡಿಯೊವನ್ನೋ ತೋರಿಸಿ ಎಂದು ನಾನು ಕೇಳುವುದು ಈ ಕಾರಣಕ್ಕೆ.

ಕೈಗೆ ಬೈಯುವುದು, ಹೊಡೆಯುವುದು, ಕುರ್ಚಿಗೆ ಕಟ್ಟಿಹಾಕುವುದು ಇವುಗಳ ಬಗ್ಗೆ ಒಂದು ಮಾತು ಹೇಳಲೇಬೇಕು. ‘ಸ್ವಲ್ಪ ಹಿಡಿತದಲ್ಲಿಟ್ಟುಕೊಳ್ಳಬಾರದೇ’ ಎಂದು ಹೆಂಡತಿಯನ್ನು ನನ್ನೆದುರೇ ಗದರಿದ ಗಂಡಂದಿರಿದ್ದಾರೆ. ಅವರಿಗೆ ನಾನು ಜಿನೀವಾದ ಸಂಶೋಧಕರು 2007ರಲ್ಲಿ ಪ್ರಕಟಿಸಿದ ಒಂದು ಅಧ್ಯಯನವನ್ನು ವಿವರಿಸುತ್ತೇನೆ. ಇಂಥ ರೋಗಿಯೊಬ್ಬರು ಬೇಕೆಂದು ಕೈ ಆಡಿಸಿದಾಗ ಮೆದುಳಿನ ಹಲವು ಭಾಗಗಳು ಒಟ್ಟಾಗಿ ಚುರುಕಾದವು. ಕೈ ತಾನಾಗಿ ಆಡಿದಾಗ ಸ್ನಾಯುಗಳಿಗೆ ಆಜ್ಞೆ ಕಳುಹಿಸುವ ಒಂದು ಪ್ರದೇಶ ಮಾತ್ರ ಚುರುಕಾಯಿತು. ಸಂಕಲ್ಪಕ್ಕೆ ಬೇಕಾದ ಉಳಿದ ಭಾಗಗಳು ಆಗ ಸುಮ್ಮನಿದ್ದವು. ಒಬ್ಬ ರೋಗಿಯ ಅಧ್ಯಯನದಿಂದ ಎಲ್ಲವನ್ನೂ ತೀರ್ಮಾನಿಸಲಾಗದು, ಆದರೂ ಆಕೆ ನಟಿಸುತ್ತಿಲ್ಲ ಎಂದು ಗಂಡನಿಗೆ ಒಪ್ಪಿಸಲು ಅಷ್ಟು ಸಾಕಾಗುತ್ತದೆ. ಗದರಿದರೆ ಆತಂಕ ಹೆಚ್ಚುತ್ತದೆ, ಆತಂಕ ಹೆಚ್ಚಿದಾಗ ಕೈಯ ಓಡಾಟವೂ ಹೆಚ್ಚುವುದನ್ನು ನಾನು ಕಂಡಿದ್ದೇನೆ.

ಕೈಗೆಂದೇ ಇರುವ ಸಿದ್ಧ ಔಷಧಿ ಇಲ್ಲ. ಕ್ಲೊನಾಜೆಪಾಮ್ ಮಾತ್ರೆಯೂ ಬೊಟುಲಿನಂ ಇಂಜೆಕ್ಷನ್ನೂ ಕೆಲವರಿಗೆ ನೆರವಾದ ವರದಿಗಳಿವೆ, ಆದರೆ ಎಲ್ಲರಿಗೂ ಆಗುತ್ತದೆಂಬ ಭರವಸೆ ಕೊಡುವಷ್ಟು ಪುರಾವೆಯಿಲ್ಲ. ಮೊದಲನೆಯದನ್ನು ವಯಸ್ಸಾದವರಿಗೆ ಕೊಡುವಾಗ ಬೀಳುವ ಅಪಾಯವನ್ನೂ ತೂಗಿನೋಡಬೇಕು. ಪಾರ್ಶ್ವವಾಯುವಿನಿಂದ ಬಂದದ್ದು ಎಷ್ಟೋ ಜನರಲ್ಲಿ ತಿಂಗಳುಗಳಲ್ಲಿ ತಗ್ಗುತ್ತದೆ. ಸೀರೆಯ ನೆರಿಗೆ ಎಳೆಯುತ್ತಿದ್ದ ಆ ಕೈಯೂ ಹಾಗೆಯೇ ತಗ್ಗಿತು, ಪೂರ್ತಿ ಹೋಗಲಿಲ್ಲ. ನರಕೋಶಗಳ ಸವೆತದಿಂದ ಬಂದದ್ದು ಹೆಚ್ಚುತ್ತಲೇ ಹೋಗುತ್ತದೆ. ಎರಡೂ ಕಡೆ ಮನೆಯಲ್ಲಿ ಮಾಡಬಹುದಾದದ್ದು ಬಹುತೇಕ ಒಂದೇ. ಹಿಡಿಯುವ ಕೈಗೆ ಹಿಡಿಯಲು ಏನಾದರೂ ಕೊಡಿ: ಊರುಗೋಲು, ಮೆತ್ತನೆಯ ಚೆಂಡು, ಮಡಿಸಿದ ಕರವಸ್ತ್ರ. ನಡೆಯುವಾಗ ಬಾಗಿಲ ಹಿಡಿಗಳಿಂದ ದೂರವಾಗಿ ಕರೆದೊಯ್ಯಿರಿ. ಊಟಕ್ಕೆ ಕುಳಿತಾಗ ತೊಂದರೆಯ ಕೈಯನ್ನು ತೊಡೆಯ ಕೆಳಗೋ ಮಡಿಲಿನ ದಿಂಬಿನ ಕೆಳಗೋ ಇಟ್ಟುಕೊಳ್ಳಲು ಹೇಳಿ. ಒಲೆ, ಚಾಕು, ಈಳಿಗೆಮಣೆ, ಬಿಸಿ ಎಣ್ಣೆ, ಹಸುಗೂಸು ಇವುಗಳ ಬಳಿ ರೋಗಿಯನ್ನು ಒಂಟಿಯಾಗಿ ಬಿಡಬೇಡಿ, ವಾಹನವನ್ನಂತೂ ಓಡಿಸಲು ಕೊಡಬೇಡಿ. ಮತ್ತು ನನ್ನ ಬಳಿಗೆ ಬರುವ ಮುನ್ನ ಮನೆಮಂದಿಯೆಲ್ಲ ಒಟ್ಟಿಗೆ ಕುಳಿತು, ರೋಗಿಯನ್ನೂ ಕೂರಿಸಿಕೊಂಡು, ಮೊದಲ ಸಲ ಏನು ಕಂಡಿತು, ಯಾವ ದಿನ, ಎಷ್ಟು ಹೊತ್ತಿಗೆ ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ತನ್ನಿ. ಮಕ್ಕಳು ಏನಾದರೂ ನೋಡಿದ್ದರೆ ಅದನ್ನೂ ಬರೆಯಿರಿ.