ಕಲರ್ ಅಪ್: ಗೋಸುಂಬೆ ಮರಿಗೆ ಬಣ್ಣ ಬರುವುದು ಅಂದ್ರೆ ಏನು?

ಗೋಸುಂಬೆ ಸಾಕುವವರ ಬಾಯಲ್ಲಿ ‘ಕಲರ್ ಅಪ್’ ಅನ್ನುವ ಮಾತು ಆಗಾಗ ಬರುತ್ತದೆ. ‘ಮರಿಗೆ ಐದು ತಿಂಗಳಾಯ್ತು, ಈಗ ಕಲರ್ ಅಪ್ ಆಗ್ತಿದೆ’ ಅನ್ನುತ್ತಾರೆ. ಗೋಸುಂಬೆ ಬಣ್ಣ ಬದಲಾಯಿಸುವುದಕ್ಕೇ ಹೀಗೆ ಹೇಳ್ತಾರೆ ಅಂತ ಹೊಸಬರು ಅಂದುಕೊಳ್ಳುತ್ತಾರೆ. ಅದಲ್ಲ. ಬಣ್ಣ ಬದಲಾಯಿಸುವುದಕ್ಕೆ ನಿಮಿಷಗಳು ಸಾಕು. ಬಣ್ಣ ಬರುವುದಕ್ಕೆ ತಿಂಗಳುಗಳೇ ಬೇಕು. ಸಣ್ಣ ಮರಿಯ ಮೈಮೇಲೆ ಇನ್ನೂ ಇಲ್ಲದ ಬಣ್ಣ, ಅದು ಬೆಳೆದ ಹಾಗೆ ನಿಧಾನವಾಗಿ ಮೂಡುತ್ತದಲ್ಲ, ಅದಕ್ಕೆ ಕಲರ್ ಅಪ್ ಅನ್ನುವುದು.

ಇದು ಚೆನ್ನಾಗಿ ಕಾಣುವುದು ಪ್ಯಾಂಥರ್ ಗೋಸುಂಬೆಯಲ್ಲಿ. ಇದರ ತವರು ಮಡಗಾಸ್ಕರ್. ಅಲ್ಲಿ ಒಂದೊಂದು ಕಡೆಯ ಗಂಡಿಗೆ ಒಂದೊಂದು ಬಣ್ಣ. ನೋಸಿ ಬೆ ದ್ವೀಪದ ಗಂಡು ನೀಲಿ ಬೆರೆತ ಹಸಿರು. ಅಂಬಿಲೋಬೆ ಕಡೆಯದಕ್ಕೆ ಹಸಿರು ಮೈ, ಅದರ ಮೇಲೆ ಕೆಂಪು ಇಲ್ಲವೇ ನೀಲಿ ಪಟ್ಟೆ. ಆದರೆ ಮೊಟ್ಟೆ ಒಡೆದು ಬಂದ ಮರಿಗಳನ್ನು ನೋಡಿದರೆ ಇದ್ಯಾವುದರ ಸುಳಿವೂ ಇಲ್ಲ. ಎಲ್ಲವೂ ಒಣಕಡ್ಡಿಯ ಬಣ್ಣ, ಬೂದು ಕಂದು.

ಹತ್ತಿರದಿಂದ ನೋಡಿ. ಆ ಕಂದು ಮೈಯಲ್ಲೂ ಅಡ್ಡಪಟ್ಟೆಗಳು ಮಸುಕಾಗಿ ಕಾಣುತ್ತವೆ. ಗೆರೆ ಮೊದಲು ಬಿದ್ದಿರುತ್ತದೆ, ಬಣ್ಣ ತುಂಬುವುದು ಆಮೇಲೆ. ಮೂರು–ನಾಲ್ಕು ತಿಂಗಳ ಹೊತ್ತಿಗೆ ಗಂಡು ಮರಿಯಲ್ಲಿ ಹಸಿರೋ ನೀಲಿಯೋ ಇಣುಕಲು ಶುರುವಾಗುತ್ತದೆ. ಪೂರ್ತಿ ಬಣ್ಣ ನಿಲ್ಲಲು ಒಂದು ವರ್ಷ, ಕೆಲವಕ್ಕೆ ಒಂದೂವರೆ ವರ್ಷವೇ ಆಗುತ್ತದೆ. ಹೆಣ್ಣುಗಳು ದೊಡ್ಡವಾದರೂ ಸಾಮಾನ್ಯವಾಗಿ ಕಂದು, ತಿಳಿ ಗುಲಾಬಿ, ತಿಳಿ ಕಿತ್ತಳೆ ಬಣ್ಣದಲ್ಲೇ ಉಳಿಯುತ್ತವೆ.

ಇಷ್ಟು ದಿನ ಯಾಕೆ ಬೇಕು? ಉತ್ತರ ಚರ್ಮದೊಳಗಿದೆ. ನನಗಂತೂ ಈ ವಿಷಯದಲ್ಲಿ ಅತಿ ಸೊಗಸಾದ ಭಾಗ ಇದೇ. ಗೋಸುಂಬೆಯ ನೀಲಿ ಯಾವ ಬಣ್ಣದ ಪುಡಿಯಿಂದಲೂ ಬಂದದ್ದಲ್ಲ. ಚರ್ಮದಲ್ಲಿ ಇರಿಡೋಫೋರ್ ಅನ್ನುವ ಕೋಶಗಳಿವೆ. ಅವುಗಳ ತುಂಬ ಗ್ವಾನೀನ್ ಎಂಬ ವಸ್ತುವಿನ ಅತಿ ಸಣ್ಣ ಹರಳುಗಳು ಸಾಲಾಗಿ ಜೋಡಿಸಿಕೊಂಡಿರುತ್ತವೆ. ಹರಳುಗಳು ಒತ್ತೊತ್ತಾಗಿದ್ದರೆ ನೀಲಿ ಬೆಳಕು ಹಿಂದಕ್ಕೆ ಚಿಮ್ಮುತ್ತದೆ. ನಡುವಿನ ಜಾಗ ಹಿಗ್ಗಿದರೆ ಹಳದಿ, ಕೆಂಪಿನ ಕಡೆಗೆ ಹೋಗುತ್ತದೆ. ಇದರ ಮೇಲೆ ಹಳದಿ ಬಣ್ಣದ ಕೋಶಗಳು ಬೇರೆ. ನೀಲಿ ಅದರ ಮೂಲಕ ಹಾದು ಬಂದಾಗ ನಮ್ಮ ಕಣ್ಣಿಗೆ ಹಸಿರು. ಗಂಡಿಗೆ ಎದುರಾಳಿ ಕಂಡಾಗ ಹಸಿರು ಮೈ ಹಳದಿಗೆ ತಿರುಗುವುದು ಹರಳುಗಳ ನಡುವಿನ ಜಾಗ ಹಿಗ್ಗುವುದರಿಂದ.

ಜಿನೀವಾ ವಿಶ್ವವಿದ್ಯಾಲಯದ ವಿಜ್ಞಾನಿಗಳು 2015ರಲ್ಲಿ ಪ್ಯಾಂಥರ್ ಗೋಸುಂಬೆಯಲ್ಲಿ ಇದನ್ನು ತೋರಿಸಿಕೊಟ್ಟರು. ಜೊತೆಗೆ ಅವರು ಇನ್ನೊಂದನ್ನೂ ಕಂಡರು. ಇರಿಡೋಫೋರ್‌ಗಳು ಎರಡು ಪದರಗಳಲ್ಲಿವೆ. ಬಣ್ಣದ ಆಟ ಆಡುವ ಮೇಲಿನ ಪದರ ಪೂರ್ತಿ ಬೆಳೆದಿರುವುದು ದೊಡ್ಡ ಗಂಡುಗಳಲ್ಲಿ ಮಾತ್ರ. ಮರಿ ತನ್ನ ಬಣ್ಣವನ್ನು ಎಲ್ಲೋ ಬಚ್ಚಿಟ್ಟುಕೊಂಡಿಲ್ಲ. ಬಣ್ಣ ತೋರಿಸುವ ಚರ್ಮವೇ ಇನ್ನೂ ತಯಾರಾಗಿಲ್ಲ.

ಎಲ್ಲ ಜಾತಿಯೂ ಹೀಗೇ ಅಲ್ಲ. ಯೆಮನ್, ಸೌದಿ ಅರೇಬಿಯಾ ಕಡೆಯ ವೇಯ್ಲ್ಡ್ ಗೋಸುಂಬೆ ಹುಟ್ಟುವಾಗಲೇ ತಿಳಿ ಹಸಿರು. ಹಳದಿ, ಕಂದು ಪಟ್ಟೆಗಳು ಗಟ್ಟಿಯಾಗುವುದು ಬೆಳೆದ ಮೇಲೆ. ಇದರಲ್ಲಿ ಗಂಡು ಹೆಣ್ಣು ತಿಳಿಯಲು ಬಣ್ಣಕ್ಕೆ ಕಾಯಬೇಕಿಲ್ಲ. ಹಿಂಗಾಲಿನ ಹಿಮ್ಮಡಿಯಲ್ಲಿ ಚಿಕ್ಕ ಮೊಳೆಯಂಥ ಉಬ್ಬು ಇದ್ದರೆ ಗಂಡು. ಮೊದಲ ದಿನದಿಂದಲೇ ಅದು ಇರುತ್ತದೆ. ಮೂರು ಕೊಂಬಿನ ಜಾಕ್ಸನ್ ಗೋಸುಂಬೆ ಮೊಟ್ಟೆ ಇಡದೆ ಮರಿ ಹಾಕುತ್ತದೆ. ಆ ಮರಿಗಳು ಕಂದು ಬೂದು, ಕೆಲವು ತಿಂಗಳ ಮೇಲೆ ಹಸಿರು.

ಬಣ್ಣ ಬರಲಿಲ್ಲ ಅಂತ ಗಾಬರಿಯಾಗಿ ಮರಿಯನ್ನು ಪದೇ ಪದೇ ಕೈಗೆತ್ತಿಕೊಳ್ಳುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಹೆದರಿದ ಮರಿ ಕಪ್ಪಗಾಗುತ್ತದೆ. ಚಳಿಯಾದರೂ ಕಪ್ಪಗಾಗುತ್ತದೆ, ಬಿಸಿಯನ್ನು ಜಾಸ್ತಿ ಹೀರಿಕೊಳ್ಳಲು. ಪೊರೆ ಬಿಡುವ ಮುಂಚೆ ಬೆಳ್ಳಗೆ ಮಂಕಾಗುತ್ತದೆ. ಬೆಳೆಯುವ ಮರಿ ಪದೇ ಪದೇ ಪೊರೆ ಬಿಡುವುದರಿಂದ ಇದು ಸಾಮಾನ್ಯ. ಇವೆಲ್ಲ ಬಂದು ಹೋಗುವ ಬಣ್ಣಗಳು. ಆದರೆ ಹಗಲೆಲ್ಲ ಕಪ್ಪಗೇ ಇದ್ದು, ಕಣ್ಣು ಮುಚ್ಚಿ ಕೂತಿದ್ದರೆ ಸುಮ್ನೆ ಕಾಯಬೇಡಿ, ಸರೀಸೃಪ ಬಲ್ಲ ಪಶುವೈದ್ಯರಿಗೆ ತೋರಿಸಿ.

ಬಣ್ಣ ಎಷ್ಟು ಬಂದಿದೆ ಅಂತ ಸರಿಯಾಗಿ ನೋಡಬೇಕಾ? ಬೆಳಗ್ಗೆ ಮರಿ ದೀಪದ ಕೆಳಗೆ ಮೈ ಕಾಯಿಸಿಕೊಂಡು, ಕೊಂಬೆಯ ಮೇಲೆ ನಿರಾಳವಾಗಿ ಕೂತ ಮೇಲೆ ದೂರದಿಂದ ಒಂದು ಫೋಟೋ ತೆಗೆಯಿರಿ. ಮುಂದಿನ ತಿಂಗಳು ಅದೇ ಹೊತ್ತಿಗೆ, ಅದೇ ಬೆಳಕಲ್ಲಿ ಇನ್ನೊಂದು. ದಿನಾ ನೋಡುವ ಕಣ್ಣಿಗೆ ತಪ್ಪಿಹೋದ ಹಸಿರು ಆ ಎರಡು ಫೋಟೋ ಪಕ್ಕಪಕ್ಕ ಇಟ್ಟಾಗ ಕಾಣಿಸುತ್ತದೆ.